ಹೊನ್ನಜ್ಜಿ ಮತ್ತು ನನ್ನ ಬಿಪಿ ಮಶೀನು

ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ಹೋದ ತಿಂಗಳು ಕಾರವಾರದ ಹಬ್ಬುವಾಡದ ನಮ್ಮ ಮನೆಗೆ ಬಂದಿದ್ದರು. ಇಬ್ಬರೂ ಕಿರಿಯ ಆರೋಗ್ಯ ಸಹಾಯಕಿಯರು. ಜನರ ಬಾಯಲ್ಲಿ ನರ್ಸಬಾಯಿ. ಮೂವತ್ತು ವರ್ಷಕ್ಕೂ ಮೇಲೆ ನಾನೂ ಅದೇ ಆಗಿದ್ದೆ. ಯಾವ ರಿಜಿಸ್ಟರಿನಲ್ಲಿ ಏನು ಬರೆಯಬೇಕು, ಲಸಿಕೆ ಡಬ್ಬಿಯ ಐಸು ಎಷ್ಟು ಹೊತ್ತು ನಿಲ್ಲುತ್ತದೆ ಎಂದೆಲ್ಲ ಕೇಳಿದರು, ಹೇಳಿದೆ. ಹೊರಡುವಾಗ ಒಬ್ಬಳು ಚಪ್ಪಲಿ ಮೆಟ್ಟುತ್ತ, ನಾವು ಎಷ್ಟು ಹೇಳಿದರೂ ಜನ ಊರಿನಲ್ಲಿ ಬೇರು ಸೊಪ್ಪಿನ ಗಾಂವಟಿ ಔಷಧ ಕೊಡುವವರ ಮಾತನ್ನೇ ಕೇಳುತ್ತಾರೆ, ಅವರನ್ನು ನಿಲ್ಲಿಸುವುದು ಹೇಗೆ ಮೇಡಂ ಎಂದಳು. ಬಾಗಿಲಲ್ಲಿ ನಿಂತು ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಒಂದು ಕಾಲದಲ್ಲಿ ನಾನೂ ಇದೇ ಪ್ರಶ್ನೆ ಕೇಳಿ, ಅದಕ್ಕೆ ತಪ್ಪು ಉತ್ತರವನ್ನೂ ಕಂಡುಕೊಂಡಿದ್ದೆ. ಆ ಹುಡುಗಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಎರಡು ಸಾವಿರದ ಇಸವಿಯ ಆಚೀಚೆ ನಾನು ಚೆಂಡಿಯಾ ಕಡೆ ಇದ್ದೆ. ನೌಕಾನೆಲೆಗೆ ಜಾಗ ಹೋಗಿ, ದಂಡೆಯ ಮೇಲಿದ್ದವರು ಹೊಸ ಕಾಲನಿಯ ಮನೆಗಳಿಗೆ ಬಂದು ಸೇರುತ್ತಿದ್ದ ಸಮಯ. ವಯಸ್ಸಾದವರಲ್ಲಿ ಬಿಪಿ ಇದ್ದವರು ಬಹಳ. ನನಗೆ ತರಬೇತಿಯಲ್ಲಿ ಕಲಿಸಿದ್ದು ಒಂದೇ ಪಾಠ: ಉಪ್ಪು ಕಡಿಮೆ ಮಾಡಿ, ಒಣಮೀನು ಬಿಡಿ, ಉಪ್ಪಿನಕಾಯಿ ಬಿಡಿ. ಮನೆಮನೆಗೆ ಹೋಗಿ ಅದನ್ನೇ ಒಪ್ಪಿಸುತ್ತಿದ್ದೆ. ಗಣಪತಿ ಮಾವ ಎಂಬ ಮುದುಕರೊಬ್ಬರು ಪ್ರತಿ ಸಲ ತಲೆಯಾಡಿಸುತ್ತಿದ್ದರು, ಪ್ರತಿ ಸಲ ಅವರ ಬಿಪಿ ಮೊದಲಿಗಿಂತ ಹೆಚ್ಚಿರುತ್ತಿತ್ತು. ನಾನು ಒಂದು ದಿನ ಸ್ವಲ್ಪ ದನಿ ಏರಿಸಿಯೇ ಮಾತಾಡಿದೆ. ಅವರು ಸಿಟ್ಟು ಮಾಡಲಿಲ್ಲ.

"ಬಾಯಿ, ಸಮುದ್ರ ಬಿಟ್ಟಾಯ್ತು. ಇನ್ನು ಒಣಮೀನೂ ಬಿಡಿ ಅಂತೀರಿ. ಗಂಜಿ ಜೊತೆ ನಾ ಎಂತಾ ತಿನ್ನೂದು, ಅದೊಂದು ಹೇಳಿ ಹೋಗಿ" ಎಂದರು.

ಬಿಡಬೇಕಾದದ್ದರ ಪಟ್ಟಿ ನನಗೆ ಬಾಯಿಪಾಠವಿತ್ತು, ಹಿಡಿಯಬೇಕಾದದ್ದರ ಪಟ್ಟಿಯನ್ನು ಯಾರೂ ಕೊಟ್ಟಿರಲಿಲ್ಲ. ಒಣಮೀನನ್ನು ಬಿಸಿನೀರಿನಲ್ಲಿ ನೆನೆಹಾಕಿ, ಎರಡು ಮೂರು ಸಲ ನೀರು ಬದಲಿಸಿ, ಮುರುಗಲು ಹುಳಿ ಹಾಕಿ ಮಾಡಿದರೆ ಉಪ್ಪು ಬಹಳಷ್ಟು ಇಳಿಯುತ್ತದೆ, ರುಚಿಯೂ ಉಳಿಯುತ್ತದೆ ಎಂದು ಹೇಳಿಕೊಟ್ಟದ್ದು ಪಕ್ಕದ ಮನೆಯ ಹೆಂಗಸು. ಅದನ್ನೂ ವಾರಕ್ಕೆ ಎರಡೇ ದಿನ ಎಂದು ಮಾವನನ್ನು ಒಪ್ಪಿಸಿ, ಗುಳಿಗೆ ತಪ್ಪದೆ ತೆಗೆದುಕೊಳ್ಳುವಂತೆ ಮಾಡಿದೆವು. ಮೂರು ತಿಂಗಳಿಗೆ ಬಿಪಿ ಒಂದು ಹದಕ್ಕೆ ಬಂತು. ಇಷ್ಟಾದರೂ ನಾನು ಪಾಠ ಕಲಿತಿರಲಿಲ್ಲ. ಅದು ಗಣಪತಿ ಮಾವನೊಬ್ಬರ ವಿಷಯ ಎಂದುಕೊಂಡೆ.

ಮುಂದೆ ಅಂಕೋಲಾ ತಾಲೂಕಿಗೆ ವರ್ಗವಾಯಿತು. ಉಪಕೇಂದ್ರದ ಹೆಸರು ಬೇಡ. ಸಮುದ್ರದಂಡೆಯ ಕೇಣಿಗೆ ನಡೆದು ಹೋಗಬಹುದಾದಷ್ಟು ಹತ್ತಿರ ಎಂದರೆ ಸಾಕು. ದಂಡೆಯ ಕಡೆ ಮೀನುಗಾರರ ಮನೆಗಳು, ಒಳಗೆ ಗದ್ದೆಯ ಅಂಚಿಗೆ ಬೇಸಾಯಗಾರರ ಮನೆಗಳು. ಆ ಗದ್ದೆಯ ಅಂಚಿನ ಮನೆಯೊಂದರಲ್ಲಿ ಹೊನ್ನಜ್ಜಿ ಇದ್ದರು. ಉಳುಕು, ಕೆಮ್ಮು, ಕಾಮಾಲೆ, ಬಾಣಂತಿಯ ಆರೈಕೆ, ಎಲ್ಲಕ್ಕೂ ಎರಡೂ ಕಡೆಯ ಜನ ಅವರಲ್ಲಿಗೇ ಹೋಗುತ್ತಿದ್ದರು. ಸೂಲಗಿತ್ತಿಯೂ ಅವರೇ. ಸರಕಾರದ ದಾಯಿ ತರಬೇತಿಯಾಗಿ, ಬ್ಲೇಡು, ಕತ್ತರಿ, ದಾರ, ಸಾಬೂನು ಇದ್ದ ತಗಡಿನ ಪೆಟ್ಟಿಗೆಯೊಂದು ಅವರಿಗೆ ಸಿಕ್ಕಿತ್ತು. ನಾನು ಮಾತ್ರ ಅವರನ್ನು ಮೊದಲ ದಿನದಿಂದಲೇ ಎದುರಾಳಿ ಎಂದು ಎಣಿಸಿದೆ.

ಅಲ್ಲಿಗೆ ಹೋಗಿ ನಾಲ್ಕು ತಿಂಗಳಾಗಿರಬೇಕು. ಅಂಗನವಾಡಿಯಲ್ಲಿ ತಾಯಂದಿರ ಸಭೆ. ಐದು ತಿಂಗಳ ಒಂದು ಕೂಸಿನ ಅಂಗಿ ಎತ್ತಿ ನೋಡಿದರೆ ಹೊಟ್ಟೆಯ ಮೇಲೆ ಬರೆ ಹಾಕಿದ ಗಾಯ, ಅದರ ಮೇಲೆ ಯಾವುದೋ ಸೊಪ್ಪಿನ ಲೋಳೆ. ಕೂಸು ಅಳುತ್ತದೆ ಎಂದು ಎರಡು ದಿನದ ಹಿಂದೆ ಹೊನ್ನಜ್ಜಿಯ ಹತ್ತಿರ ಒಯ್ದಿದ್ದರು ಎನ್ನುವುದು ನನ್ನ ಕಿವಿಗೆ ಬಿದ್ದಿತ್ತು. ನಾನು ಕೂಸನ್ನು ತಾಯಿಯ ಕೈಯಿಂದ ತೆಗೆದುಕೊಂಡು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ. ಹೊನ್ನಜ್ಜಿಯ ಹೆಸರು ಹೇಳಿಯೇ, ಇಂಥವರ ಕೈಗೆ ಮಕ್ಕಳನ್ನು ಕೊಟ್ಟರೆ ಹೀಗೆಯೇ ಆಗುತ್ತದೆ ಎಂದೆ. ಹೊನ್ನಜ್ಜಿ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಎದ್ದರು, ಸೀರೆಗೆ ಹತ್ತಿದ ಧೂಳು ಝಾಡಿಸಿಕೊಂಡರು, ಹೊರಟುಹೋದರು. ನಾನು ಗೆದ್ದೆ ಎಂದುಕೊಂಡೆ.

ಗುರುವಾರ ಉಪಕೇಂದ್ರದಲ್ಲಿ ಲಸಿಕೆ, ತಪಾಸಣೆಯ ದಿನ. ಆ ವಾರ ಬಂದವರು ಇಬ್ಬರು. ಮುಂದಿನ ಗುರುವಾರ ಒಬ್ಬರೂ ಇಲ್ಲ. ಮನೆಗೆ ಹೋದರೆ ತಾಯಿ ಗದ್ದೆಗೆ ಹೋಗಿದ್ದಾಳೆ, ಪೇಟೆಗೆ ಹೋಗಿದ್ದಾಳೆ ಎಂದು ಜಗಲಿಯಲ್ಲೇ ಉತ್ತರ. ಎರಡು ತಿಂಗಳು ಹೀಗೆ ನಡೆದ ಮೇಲೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ನನ್ನನ್ನು ಕರೆಸಿದರು. ಬಿಜಾಪುರ ಕಡೆಯವರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ನಾನು ಎಲ್ಲವನ್ನೂ ನನ್ನ ಪರವಾಗಿಯೇ ವಿವರಿಸಿದೆ. ಅವರು ಕೇಳಿಸಿಕೊಂಡು, "ಆ ಬರಿ ಹಾಕ್ದವರು ಯಾರಂತ ಕೂಸಿನ ತಾಯೀನ ಕೇಳೀರೇನ್ರಿ ಸಿಸ್ಟರ್?" ಎಂದರು.

ಕೇಳಿರಲಿಲ್ಲ.

ಅಂಗನವಾಡಿ ಟೀಚರನ್ನು ವಿಚಾರಿಸಿದಾಗ ಗೊತ್ತಾಯಿತು. ಬರೆ ಹಾಕಿದ್ದು ಕೂಸಿನ ಅಪ್ಪನ ಸೋದರತ್ತೆ, ಬಳೆಯ ಚೂರು ಕಾಯಿಸಿ. ಗಾಯವಾದ ಮೇಲೆ ಹೆದರಿ ಹೊನ್ನಜ್ಜಿಯ ಹತ್ತಿರ ಓಡಿದ್ದರು. ಅವರು ಮನೆಯವರಿಗೆಲ್ಲ ಬೈದು, ಲೋಳೆಸರ ಹಚ್ಚಿ, ನರ್ಸಬಾಯಿಗೆ ತೋರಿಸಿ ಎಂದು ಹೇಳಿ ಕಳಿಸಿದ್ದರು. ಆ ತಾಯಿ ಸಭೆಗೆ ಬಂದದ್ದೇ ಅದಕ್ಕಾಗಿ. ನಾನೊಬ್ಬಳನ್ನು ಬಿಟ್ಟು ಸಭೆಯಲ್ಲಿದ್ದ ಎಲ್ಲರಿಗೂ ಇದು ಗೊತ್ತಿತ್ತು.

ಮರುದಿನ ಬೆಳಿಗ್ಗೆ ಹೊನ್ನಜ್ಜಿಯ ಮನೆಗೆ ಹೋದೆ. ಅವರು ಹರಿವೆ ಮಡಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಕಳೆ ಕೀಳುತ್ತಿದ್ದರು. ನನ್ನದು ತಪ್ಪಾಯಿತು ಎಂದೆ. ಅವರು ತಲೆ ಎತ್ತಲಿಲ್ಲ.

"ನಂಗೆ ಹೇಳ್ದದ್ದು ಇರ್ಲಿ ಬಾಯಿ. ಅಷ್ಟು ಜನರ ಎದ್ರಿಗೆ ಆ ಕೂಸಿನ ಎತ್ತಿ ಹಿಡ್ದೆ ನೀನು. ಅದ್ರ ತಾಯಿ ಇನ್ನು ಯಾರಿಗೂ ತೋರ್ಸೂಕೆ ಬರೂದಿಲ್ಲ. ಮೊದ್ಲು ಅಲ್ಲಿಗೆ ಹೋಗು."

ಹೋದೆ. ಆ ತಾಯಿ ಬಾಗಿಲ ಹಿಂದಿನಿಂದ ಹೊರಗೆ ಬರಲಿಕ್ಕೇ ಅರ್ಧ ಗಂಟೆ ಹಿಡಿಯಿತು. ಮುಂದಿನ ಸಭೆಯಲ್ಲಿ ಎಲ್ಲರೆದುರು ನಿಂತು, ನಾನು ಹೇಳಿದ್ದು ಸುಳ್ಳು, ವಿಚಾರಿಸದೆ ಹೇಳಿದೆ ಎಂದೆ. ಹೆಂಗಸರು ಒಬ್ಬೊಬ್ಬರಾಗಿ ಗುರುವಾರಕ್ಕೆ ಬರತೊಡಗಿದರು. ಡಾಕ್ಟರು ನನಗೆ ಇನ್ನೊಂದು ಕೆಲಸ ಹೇಳಿದರು: "ರವಿವಾರ ಮುಂಜಾನೆ ಆ ಅಜ್ಜಿ ಕಟ್ಟಿ ಮ್ಯಾಲೆ ಹೋಗಿ ಕುಂದರ್ರಿ. ಭಾಷಣ ಮಾಡಬ್ಯಾಡ್ರಿ, ನೋಡ್ರಿ ಅಷ್ಟ."

ಹಾಗೆ ಕುಳಿತು ನೋಡಿದ್ದನ್ನು ಹೇಳುತ್ತೇನೆ. ಕಾಮಾಲೆ ಎಂದು ಬಂದವರನ್ನು ಅವರು ಬಿಸಿಲಿಗೆ ನಿಲ್ಲಿಸಿ ಕಣ್ಣು ನೋಡುತ್ತಿದ್ದರು. ಮೂತ್ರದ ಬಣ್ಣ, ಹಸಿವು, ನಿದ್ದೆ ಎಲ್ಲ ಕೇಳುತ್ತಿದ್ದರು. ಮಂಪರಿದ್ದವರನ್ನು, ವಾಂತಿ ನಿಲ್ಲದವರನ್ನು ಮುಟ್ಟುತ್ತಲೇ ಇರಲಿಲ್ಲ, ನೇರ ಅಂಕೋಲೆಗೆ ಹೋಗಿ ಎನ್ನುತ್ತಿದ್ದರು. ಉಳಿದವರಿಗೆ ನೆಲನೆಲ್ಲಿ, ಮಜ್ಜಿಗೆ, ಗಂಜಿ, ವಿಶ್ರಾಂತಿ. ನನ್ನ ಉಪಕೇಂದ್ರದಲ್ಲಿ ಒಬ್ಬರಿಗೆ ಎರಡು ನಿಮಿಷ ಕೊಡುತ್ತಿದ್ದೆ. ಅವರು ಒಬ್ಬರಿಗೆ ಅರ್ಧ ತಾಸು ಕೊಡುತ್ತಿದ್ದರು. ಜನ ಅವರ ಮಾತು ಯಾಕೆ ಕೇಳುತ್ತಾರೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಗುಟ್ಟು ಇರಲಿಲ್ಲ.

ಅವರು ಹೇಳಿದ್ದೆಲ್ಲ ಸರಿ ಎಂದು ನಾನು ಹೇಳುವುದಿಲ್ಲ. ಹೊಕ್ಕುಳಬಳ್ಳಿಗೆ ಅರಿಶಿನ ಎಣ್ಣೆ ಹಚ್ಚಬೇಡಿ ಎಂದರೆ ಎಷ್ಟೋ ದಿನ ಒಪ್ಪಲಿಲ್ಲ. ಬಾಣಂತಿಗೆ ನೀರು ಕೊಡಬಾರದು ಎನ್ನುವ ವಾಡಿಕೆಯ ಬಗ್ಗೆಯೂ ನಮ್ಮಿಬ್ಬರಲ್ಲಿ ಜಗಳವಾಯಿತು. ಹಾಲು ಎಲ್ಲಿಂದ ಬರಬೇಕು ಅಜ್ಜಿ, ಹಸುವಿಗೆ ನೀರು ಕುಡಿಸದೆ ಹಿಂಡುತ್ತೀರಾ ಎಂದು ಒಮ್ಮೆ ಕೇಳಿದೆ. ಮುಂದಿನ ಬಾಣಂತಿಯ ಮನೆಗೆ ಹೋದಾಗ, ಜೀರಿಗೆ ಕುದಿಸಿದ ನೀರು ಔಷಧ, ಹಗಲಿಗೆ ಎಂಟು ಲೋಟ ಕುಡಿಸಬೇಕು ಎಂದು ಅವರೇ ಅಪ್ಪಣೆ ಕೊಟ್ಟಿದ್ದು ಕೇಳಿದೆ. ತಿಂಗಳುಗಟ್ಟಲೆ ನಾನು ಹೇಳಿ ಆಗದ್ದು ಒಂದು ವಾರದಲ್ಲಿ ಆಯಿತು. ಕಬ್ಬಿಣಾಂಶದ ಗುಳಿಗೆಯನ್ನು ಮೊದಲು ತಾನೇ ತಿಂದು ನೋಡುತ್ತೇನೆ ಎಂದು ತಿಂಗಳಿಗಾಗುವಷ್ಟು ನನ್ನ ಚೀಲದಿಂದ ಕೇಳಿ ತೆಗೆದುಕೊಂಡರು. ಆಮೇಲೆ ಬಸುರಿಯರಿಗೆ, ಮಲ ಕಪ್ಪಾಗುತ್ತದೆ, ಹೆದರಬೇಡಿ, ನನಗೂ ಆಗಿತ್ತು ಎಂದು ಹೇಳತೊಡಗಿದರು. ನಾನು ಕೊಟ್ಟ ಗುಳಿಗೆಯನ್ನು ತಿನ್ನದೆ ಅಟ್ಟದ ಮೇಲಿನ ಡಬ್ಬಿಗೆ ಸೇರಿಸುವುದು ಅಲ್ಲಿಗೆ ನಿಂತಿತು.

ಈಗ ನನ್ನ ನೌಕರಿಯ ಅತಿ ಕೆಟ್ಟ ದಿನಕ್ಕೆ ಬರುತ್ತೇನೆ.

ಆ ವರ್ಷ ಮಳೆಗಾಲ ಮುಗಿದು ಬೋಟುಗಳು ಮತ್ತೆ ಸಮುದ್ರಕ್ಕೆ ಇಳಿದಿದ್ದವು. ಮಂಗಲಾ ಎಂಬ ಚೊಚ್ಚಲ ಬಸುರಿ, ಎಂಟನೆಯ ತಿಂಗಳು. ಗಂಡ ಬೋಟಿಗೆ ಹೋಗುವವನು, ಅತ್ತೆ ಪಾರ್ವತಿ ಬುಟ್ಟಿ ಹೊತ್ತು ಅಂಕೋಲಾ ಪೇಟೆಯಲ್ಲಿ ಮೀನು ಮಾರುವವರು. ಒಂದು ಗುರುವಾರ ಮಂಗಲಾ ತಪಾಸಣೆಗೆ ಬಂದಳು. ನನ್ನ ಬಿಪಿ ಮಶೀನಿನ ರಬ್ಬರ್ ಉಂಡೆ ಸೀಳಿತ್ತು, ಒತ್ತಿದರೆ ಗಾಳಿ ನಿಲ್ಲುತ್ತಿರಲಿಲ್ಲ. ಹೊಸದಕ್ಕೆ ಬರೆದು ಕೊಟ್ಟಿದ್ದೆ, ಬಂದಿರಲಿಲ್ಲ. ಹೊರಗೆ ಬೆಂಚಿನ ತುಂಬ ಹೆಂಗಸರು. ಮರುದಿನ ಮೇಲ್ವಿಚಾರಕಿಯ ಮೀಟಿಂಗು. ಕಾಲಂ ಖಾಲಿ ಬಿಟ್ಟರೆ ಎಲ್ಲರೆದುರು ನಿಲ್ಲಿಸಿ ಕೇಳುವುದು ಆಕೆಯ ಪದ್ಧತಿ.

ಮಂಗಲಾ ತನ್ನ ಕೈ ಊದಿದ ಹಾಗೆ ಅನಿಸುತ್ತದೆ ಎಂದಳು. ಬಸುರಿಯರಿಗೆ ಅದು ಇದ್ದದ್ದೇ, ಕಾಲು ಎತ್ತರಕ್ಕೆ ಇಟ್ಟು ಮಲಗು ಎಂದೆ. ತಾಯಿ ಕಾರ್ಡಿನಲ್ಲಿ ಬಿಪಿ ನೂರಾ ಇಪ್ಪತ್ತು, ಎಂಬತ್ತು ಎಂದು ಬರೆದೆ. ಅವಳ ತೋಳಿಗೆ ಪಟ್ಟಿ ಕಟ್ಟಿಯೇ ಇರಲಿಲ್ಲ. ಇಂದಿಗೂ ನನಗೆ ನೆನಪಿರುವುದು, ಅದನ್ನು ಬರೆಯುವಾಗ ನನ್ನ ಕೈ ಒಂದಿಷ್ಟೂ ತಡೆಯಲಿಲ್ಲ ಎನ್ನುವುದು. ಅದು ಮೊದಲ ಸಲವೂ ಆಗಿರಲಿಲ್ಲ.

ಮುಂದಿನ ವಾರ ಬುಧವಾರ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಿದ್ದೆ. ಹೊನ್ನಜ್ಜಿ ಬಿಸಿಲಲ್ಲಿ ನಡೆದು ಬಂದು ಬಾಗಿಲಲ್ಲಿ ನಿಂತರು. ಅವರು ಉಪಕೇಂದ್ರಕ್ಕೆ ತಾವಾಗಿ ಬಂದದ್ದು ಅದೇ ಮೊದಲು. ಮಂಗಲಾ ತಲೆನೋವಿಗೆ ಲೇಪ ಕೇಳಿಕೊಂಡು ಬಂದಿದ್ದಾಳೆ, ಕೊಡಲಿಲ್ಲ, ನನ್ನ ಮನೆಯಲ್ಲೇ ಮಲಗಿಸಿ ಬಂದಿದ್ದೇನೆ ಎಂದರು.

"ಕಾಲುಂಗ್ರ ಬೆರಳಿನೊಳ್ಗೆ ಹೂತ್ ಹೋಗದೆ. ಮೋರೆ ಊದದೆ. ಕಣ್ಣೆದ್ರಿಗೆ ಮಿಣಿಮಿಣಿ ಕಾಣ್ತದೆ ಅಂತಳೆ. ಇದು ಲೇಪ ಹಾಕೂ ತಲೆನೋವಲ್ಲ. ನಿನ್ನ ಮಶೀನು ತಕ್ಕೊಂಡು ಬಾ."

ಹೊಸ ರಬ್ಬರ್ ಉಂಡೆ ಹಿಂದಿನ ದಿನವಷ್ಟೇ ಬಂದಿತ್ತು. ಹೊನ್ನಜ್ಜಿಯ ಜಗಲಿಯಲ್ಲಿ ಮಂಗಲಾಳ ತೋಳಿಗೆ ಪಟ್ಟಿ ಕಟ್ಟಿದೆ. ನೂರಾ ಎಪ್ಪತ್ತು, ನೂರಾ ಹತ್ತು. ಮತ್ತೊಮ್ಮೆ ಅಳೆದೆ, ಅಷ್ಟೇ. ಇದು ಬಸುರಿನ ನಂಜು, ಬಿಪಿ ಇಷ್ಟು ಏರಿದ ಬಸುರಿಗೆ ಯಾವ ಗಳಿಗೆಯಲ್ಲೂ ಫಿಟ್ಸ್ ಬರಬಹುದು, ತಾಯಿ ಮಗು ಎರಡೂ ಹೋಗಬಹುದು. ರಿಕ್ಷಾ ತರಿಸಿ ಅಂಕೋಲೆಯ ಆಸ್ಪತ್ರೆಗೆ ಹೊರಟೆವು. ಸುದ್ದಿ ಮುಟ್ಟಿ ಪೇಟೆಯಿಂದ ಪಾರ್ವತಿ ನೇರ ಅಲ್ಲಿಗೇ ಬಂದರು. ಸೊಂಟಕ್ಕೆ ಸಿಕ್ಕಿಸಿದ ಸೆರಗನ್ನೂ ಬಿಚ್ಚಿರಲಿಲ್ಲ.

ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ತಪಾಸಣೆ ಮಾಡುತ್ತಲೇ ಕಾರ್ಡು ತೆಗೆದು ನೋಡಿದರು. ಹೋದ ಗುರುವಾರ ಸರಿಯಾಗಿಯೇ ಇದೆಯಲ್ಲ ಸಿಸ್ಟರ್, ಆರೇ ದಿನದಲ್ಲಿ ಇಷ್ಟು ಏರಿತೇ, ಊತ ಯಾವಾಗಿನಿಂದ ಎಂದು ಕೇಳಿದರು. ಎಷ್ಟು ದಿನದಿಂದ ಏರುತ್ತ ಬಂದಿದೆ ಎನ್ನುವುದು ಅವರಿಗೆ ಬೇಕಿತ್ತು. ಅದು ಗೊತ್ತಿರಬೇಕಾದವಳು ನಾನೊಬ್ಬಳೇ. ನನ್ನ ಎಡಕ್ಕೆ ಪಾರ್ವತಿ, ಬಲಕ್ಕೆ ಹೊನ್ನಜ್ಜಿ. ಕಾರ್ಡಿನ ಮೇಲೆ ನನ್ನ ಸಹಿ ಚೆಂದವಾಗಿ ಕಾಣುತ್ತಿತ್ತು. ಹೌದು ಮೇಡಂ, ಒಮ್ಮೆಲೇ ಏರಿರಬೇಕು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದದ್ದೂ ನಿಜ.

"ಹೋದ ವಾರ ನಾನು ಅಳೆದಿಲ್ಲ ಮೇಡಂ. ಸುಮ್ಮನೆ ಬರೆದದ್ದು. ಕೈ ಊದಿದೆ ಅಂತ ಅವಳು ಆಗಲೇ ಹೇಳಿದ್ದಳು" ಎಂದೆ.

ಡಾಕ್ಟರಮ್ಮ ಕಾರ್ಡಿನ ಆ ಅಂಕಿಯ ಮೇಲೆ ಅಡ್ಡಗೆರೆ ಎಳೆದು, ವಾರದ ಹಿಂದೆಯೇ ಊತ ಎಂದು ಪಕ್ಕದಲ್ಲಿ ಬರೆದರು. ಮತ್ತೇನೂ ಕೇಳದೆ ಇಂಜೆಕ್ಷನ್ ಕೊಟ್ಟರು, ಆಂಬುಲೆನ್ಸಿಗೆ ಹೇಳಿ ಕಾರವಾರಕ್ಕೆ ಫೋನು ಮಾಡಿದರು. ಪಾರ್ವತಿ ನನ್ನ ಕಡೆ ತಿರುಗಿ ನೋಡಲಿಲ್ಲ.

ಕಾರವಾರದ ದಾರಿ ಅಷ್ಟು ಉದ್ದ ಎಂದು ಅವತ್ತೇ ನನಗೆ ಗೊತ್ತಾದದ್ದು. ಹೊನ್ನಜ್ಜಿ ಮಂಗಲಾಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಕಣ್ಣಿಗೆ ಬೆಳಕು ಬೀಳದ ಹಾಗೆ ಸೆರಗು ಹಿಡಿದಿದ್ದರು. ನಾನು ಐದೈದು ನಿಮಿಷಕ್ಕೆ ಬಿಪಿ ಅಳೆದು ಕಾರ್ಡಿನಲ್ಲಿ ಬರೆಯುತ್ತ ಹೋದೆ. ಚೆಂಡಿಯಾ ದಾಟುವಾಗ ಮಂಗಲಾ ಎಲ್ಲಿದ್ದೇವೆ ಎಂದು ಕೇಳಿದಳು. ಪಾರ್ವತಿ ಅವಳಿಗೆ ಉತ್ತರ ಕೊಟ್ಟರು.

ಸಂಜೆಯೊಳಗೆ ಆಪರೇಶನ್ ಆಯಿತು. ಹೆಣ್ಣು ಕೂಸು, ತೀರಾ ಚಿಕ್ಕದು. ಮಂಗಲಾಳಿಗೆ ಎರಡು ದಿನ ಸರಿಯಾದ ಎಚ್ಚರವೇ ಇರಲಿಲ್ಲ. ಕೂಸಿಗೆ ಮೈಯ ಶಾಖ ಬೇಕು, ಮನೆಯವರು ಯಾರಾದರೂ ಎದೆಗೆ ಒತ್ತಿ ಇಟ್ಟುಕೊಳ್ಳಬೇಕು ಎಂದು ಅಲ್ಲಿನ ಡಾಕ್ಟರು ಹೇಳಿದಾಗ ಪಾರ್ವತಿ ಮುಂದೆ ಬಂದರು. ಸ್ನಾನ ಮಾಡಿ, ರವಿಕೆಯೊಳಗೆ ಕೂಸನ್ನು ಇಟ್ಟುಕೊಂಡು, ಮೇಲೆ ಸೀರೆ ಸುತ್ತಿಕೊಂಡು ಕುಳಿತವರು ಊಟಕ್ಕೂ ಸರಿಯಾಗಿ ಏಳಲಿಲ್ಲ. ಮಂಗಲಾ ಚೇತರಿಸಿಕೊಂಡಳು. ಕೂಸು ಉಳಿಯಿತು. ಇಂಜೆಕ್ಷನ್ ಸ್ವಲ್ಪ ತಡವಾಗಿದ್ದರೂ ಮಾತು ಬೇರೆ ಇರುತ್ತಿತ್ತು ಎಂದು ಅಲ್ಲಿನ ಡಾಕ್ಟರು ಹೇಳಿದ್ದನ್ನು ನಾನು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡೆ.

ನಡೆದದ್ದನ್ನು ನಮ್ಮ ಡಾಕ್ಟರಿಗೆ ಬರೆದು ಕೊಟ್ಟೆ. ಮೆಮೊ ಬಂತು, ಸೇವಾ ಪುಸ್ತಕದಲ್ಲಿ ನಮೂದಾಯಿತು. ಮೇಲ್ವಿಚಾರಕಿ ನನ್ನನ್ನು ಬದಿಗೆ ಕರೆದು, ತಾಯಿ ಮಗು ಇಬ್ಬರೂ ಬದುಕಿದ ಮೇಲೆ ಬಾಯಿ ಬಿಡುವ ಅಗತ್ಯ ಏನಿತ್ತು ಎಂದರು. ಆಕೆ ಕೆಟ್ಟವರಲ್ಲ, ಆಕೆಯೂ ಮೇಲಿನವರಿಗೆ ತುಂಬಿದ ಕಾಲಂ ತೋರಿಸಬೇಕಿತ್ತು. ಡಾಕ್ಟರು ಮಾತ್ರ ಮುಂದಿನ ಮೀಟಿಂಗಿನಲ್ಲಿ ನನ್ನ ಹೆಸರು ಎತ್ತದೆ, ಮಶೀನು ಕೆಟ್ಟಿದ್ದರೆ ಕಾಲಂನಲ್ಲಿ ಕೆಟ್ಟಿದೆ ಎಂದೇ ಬರೆಯಬೇಕು, ಹಾಗೆ ಬರೆದವರನ್ನು ಯಾರೂ ನಿಲ್ಲಿಸಿ ಕೇಳಕೂಡದು ಎಂದು ಹೇಳಿದರು. ಆ ತಿಂಗಳು ನಮ್ಮ ಕೇಂದ್ರದ ವರದಿಯಲ್ಲಿ ಎಷ್ಟೋ ಕಡೆ ಕೆಟ್ಟಿದೆ ಎಂದು ಬಂತು. ನಾನೊಬ್ಬಳೇ ಅಲ್ಲ ಎಂದು ಸಮಾಧಾನ ಪಡಬೇಕೋ, ಹೆದರಬೇಕೋ ತಿಳಿಯಲಿಲ್ಲ.

ಹೊನ್ನಜ್ಜಿಯ ಮುಂದಿನ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಕೆಲವು ವರ್ಷದಲ್ಲಿ ಆಶಾ ಕಾರ್ಯಕರ್ತೆಯರು ಬಂದರು, ಫೋನು ಮಾಡಿದರೆ ಆಂಬುಲೆನ್ಸು ಬರತೊಡಗಿತು, ಹೆರಿಗೆಗಳೆಲ್ಲ ಆಸ್ಪತ್ರೆಯಲ್ಲೇ ಆಗಬೇಕೆಂಬ ಸೂಚನೆ ಬಂತು. ಆಗಬೇಕಾದದ್ದೇ, ಮಂಗಲಾಳನ್ನು ಕಂಡವಳಿಗೆ ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಅಜ್ಜಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಇನ್ನು ಹೆರಿಗೆ ಮಾಡಿಸಬೇಡಿ ಎಂದಾಗ ಅವರು ಒಳಗೆ ಹೋಗಿ ತಗಡಿನ ಪೆಟ್ಟಿಗೆ ತಂದು ನನ್ನ ಮುಂದಿಟ್ಟರು. ಒಳಗಿನ ಕತ್ತರಿಗೆ ಒಂದು ಚೂರೂ ತುಕ್ಕು ಹಿಡಿದಿರಲಿಲ್ಲ. ನಾನು ಅದನ್ನು ಒಯ್ಯಲಿಲ್ಲ. ಆಮೇಲೂ ಎಷ್ಟೋ ಹುಡುಗಿಯರು ಹೊನ್ನಜ್ಜಿ ಜೊತೆಗೆ ಬಂದರೆ ಮಾತ್ರ ಆಂಬುಲೆನ್ಸು ಹತ್ತುತ್ತೇನೆ ಎನ್ನುತ್ತಿದ್ದರು, ಅವರೂ ಹೋಗುತ್ತಿದ್ದರು. ಅವರು ತೀರಿಕೊಂಡಾಗ ನಾನು ಬೇರೆ ಕಡೆ ವರ್ಗವಾಗಿದ್ದೆ. ಸುದ್ದಿ ಮುಟ್ಟುವಷ್ಟರಲ್ಲಿ ಹನ್ನೊಂದನೆಯ ದಿನದ ಕಾರ್ಯವೂ ಮುಗಿದಿತ್ತು. ಅದೊಂದು ಕೊರಗು ಇದೆ.

ಪಾರ್ವತಿಯ ಮಾತು ಹೇಳುವುದು ಉಳಿದಿದೆ. ಆಸ್ಪತ್ರೆಯಿಂದ ಅವರು ಮನೆಗೆ ಬಂದ ಮೇಲೆ ಬಾಣಂತಿಯನ್ನು ನೋಡಲು ನಾನು ಹೋಗಲೇಬೇಕಿತ್ತು. ಎರಡು ದಿನ ಆ ಓಣಿಯ ಬಾಯಿಯವರೆಗೆ ಹೋಗಿ ತಿರುಗಿ ಬಂದೆ. ಮೂರನೆಯ ದಿನ ಹೋದೆ. ಪಾರ್ವತಿ ಬಾಗಿಲು ತೆಗೆದು ಬದಿಗೆ ಸರಿದು ನಿಂತರು. ಮಂಗಲಾಳ ಬಿಪಿ ಅಳೆದೆ, ಹೊಲಿಗೆ ನೋಡಿದೆ, ಕೂಸನ್ನು ತೂಗಿದೆ. ಅಷ್ಟು ಹೊತ್ತೂ ಅವರು ಗೋಡೆಗೆ ಒರಗಿ ನನ್ನ ಕೈಗಳನ್ನೇ ನೋಡುತ್ತಿದ್ದರು. ಚೀಲ ಕಟ್ಟಿಕೊಂಡು ಎದ್ದಾಗ ಮಾತಾಡಿದರು.

"ಅವತ್ತು ನೀವು ಸುಳ್ಳು ಹೇಳಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ಲ. ಗೊತ್ತಾಗಿ ಸಿಟ್ಟು ಬಂತು. ಸಿಟ್ಟು ಇನ್ನೂ ಅದೆ ಬಾಯಿ. ಕೂಸಿಗೆ ಚುಚ್ಚೂದು ಯಾವಾಗ, ಹೇಳಿ ಹೋಗಿ."

ಹೇಳಿದೆ. ಆ ಗುರುವಾರ ಎಲ್ಲರಿಗಿಂತ ಮೊದಲು ಬಂದು ಬೆಂಚಿನ ತುದಿಯಲ್ಲಿ ಕುಳಿತಿದ್ದರು. ಸೂಜಿಯ ಪೊಟ್ಟಣ ಬಿಚ್ಚುವ ಮೊದಲು ತೋರಿಸಿ ಎಂದರು, ತೋರಿಸಿದೆ. ಔಷಧಿಯ ಬಾಟಲಿ ತೋರಿಸಿ ಎಂದರು, ಅದನ್ನೂ ಕೈಗೆ ಕೊಟ್ಟೆ. ಮಂಗಲಾಳ ಬಿಪಿ ಅಳೆಯುವಾಗ ಪಾದರಸ ಎಲ್ಲಿ ನಿಂತಿತು ಎಂದು ಬಗ್ಗಿ ನೋಡಿದರು, ನಾನು ಕಾರ್ಡಿನಲ್ಲಿ ಬರೆದದ್ದನ್ನು ಸೊಸೆಯಿಂದ ಓದಿಸಿ ಕೇಳಿದರು. ಮುಂದಿನ ತಿಂಗಳೂ ಹಾಗೆಯೇ, ಅದರ ಮುಂದಿನ ತಿಂಗಳೂ ಹಾಗೆಯೇ. ಅವರನ್ನು ನೋಡಿ ಉಳಿದ ಹೆಂಗಸರೂ ಬಗ್ಗಿ ನೋಡತೊಡಗಿದರು, ನಾನೂ ಮಶೀನನ್ನು ಅವರ ಕಡೆಗೇ ತಿರುಗಿಸಿ ಇಡತೊಡಗಿದೆ. ನಾನು ಆ ಉಪಕೇಂದ್ರ ಬಿಡುವವರೆಗೆ ಪಾರ್ವತಿ ನನ್ನನ್ನು ಒಮ್ಮೆಯೂ ಸುಮ್ಮನೆ ನಂಬಲಿಲ್ಲ. ಪ್ರತಿ ಸಲವೂ ಬಂದರು, ಪ್ರತಿ ಸಲವೂ ಕಣ್ಣಾರೆ ನೋಡಿದರು, ನೋಡಿದ ಮೇಲೆ ಕೂಸನ್ನು ನನ್ನ ಕೈಗೆ ಕೊಟ್ಟರು.